ಗೊರಕೆ ನಿಂತ ಮೇಲೆ

"ಮೊಣಕಾಲು ಒತ್ತು, ಇನ್ನೊಂಚೂರು ಒತ್ತು," ಎನ್ನುತ್ತ ಯಂಕಣ್ಣ ತಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಲು ಮತ್ತೆ ಹೆಣಗಿದ. ಕೂರಿಸಿಯೇ ಮಣ್ಣು ಮಾಡುವುದು ಅವರ ರೂಢಿ. ದೇವಿಂದ್ರ ಬಾಗಲಿಲ್ಲ. ನಿನ್ನೆ ಕಚೇರಿ ಮುಚ್ಚುವ ತನಕ ಬೆಂಚಿನ ಮೇಲೆ ಅಂಗಾತ ಬಿದ್ದಿದ್ದವನು ಹಾಗೆಯೇ ಸೆಟೆದುಕೊಂಡಿದ್ದ.

"ಆಗೂದಿಲ್ಲ ಬಿಡು. ಕುಣಿ ಉದ್ದ ಅಗೀರಿ ಅಂತ ಹೇಳಿ ಕಳಸ್ರಿ. ಮಲಗಿಸೇ ಮಣ್ಣು ಮಾಡೂಣು," ಎಂದ ಯಂಕಣ್ಣ.

"ಮಲಗಸಬ್ಯಾಡ ಭಾವ," ಎಂದಳು ದೇವಿಂದ್ರನ ಹೆಂಡತಿ ಮಲ್ಲಾಬಾಯಿ. "ಅಂಗಾತ ಮಲಗಿದ್ರ ಅವ್ರಿಗಿ ಉಸುರು ನಿಲ್ತದ."

"ತಲಿ ಕೆಟ್ಟದ, ಪಾಪ," ಎಂದಳು ಪಕ್ಕದ ಮನೆಯವಳು.

ಕಚೇರಿಯ ಹೆಡ್‌ಕ್ಲರ್ಕ್ ಅಂಬರೀಶ ಹಾರ ಹಿಡಿದು ಬಂದ. "ನಿದ್ದಿಯೊಳಗ ಹೋದ. ಪುಣ್ಯವಂತ."

*

ಕಲಬುರಗಿಯ ಡಾಕ್ಟರು ಬಿಡಿಸಿ ಹೇಳಿದ್ದರು: ದೇವಿಂದ್ರನದು ರೋಗ ತಡೆಯಬೇಕಾದ ಮೈಯ ಕಾವಲೇ ಸ್ನಾಯುಗಳ ಮೇಲೆ ತಿರುಗಿಬಿದ್ದ ರೋಗ. ಬೆಳಗಿನ ಬಲ ಮಧ್ಯಾಹ್ನಕ್ಕೆ ಸೋರಿಹೋಗುತ್ತದೆ, ರೆಪ್ಪೆ ಜೋತು ಬೀಳುತ್ತದೆ. ಮಲಗಿದಾಗ ಗಂಟಲು ಮುಚ್ಚಿ ಉಸಿರು ನಿಲ್ಲಬಹುದು. ನಿದ್ದೆಯ ಪರೀಕ್ಷೆ ಆಗಲೇಬೇಕು, ಉಸಿರಿನ ಯಂತ್ರ ಬೇಕಾದೀತು. ಅಂದಿನಿಂದ ಮಲ್ಲಾಬಾಯಿ ಗಂಡನನ್ನು ಗೋಡೆಗೆ ಒರಗಿಸಿಯೇ ಮಲಗಿಸುತ್ತಿದ್ದಳು. ಗೊರಕೆ ನಿಂತರೆ ಭುಜ ಅಲುಗಿಸುತ್ತಿದ್ದಳು.

ಗುತ್ತಿಗೆಯ ಜವಾನನಾಗಿದ್ದ ದೇವಿಂದ್ರ ಆ ಪರೀಕ್ಷೆಗೆಂದು ರಜೆ ಕೇಳಿದಾಗ ಅಂಬರೀಶ ನಕ್ಕಿದ್ದ. "ನಿದ್ದಿಗೂ ಪರೀಕ್ಷಾನೋ? ಅದರಾಗ ನೀ ಯಾವಾಗೋ ಫಸ್ಟ್ ಕ್ಲಾಸ್ ಪಾಸಾಗೀದಿ."

ಕಚೇರಿಯೆಲ್ಲ ನಕ್ಕಿತು. ದೇವಿಂದ್ರನೂ ನಗಲು ನೋಡಿದ; ತುಟಿ ಮೇಲೇಳಲಿಲ್ಲ. "ನೋಡ್ರಿ, ಜವಾನ ಸಾಹೇಬ್ರಿಗಿ ಸಿಟ್ಟು ಬಂತು," ಎಂದು ಅದಕ್ಕೂ ನಕ್ಕರು. ರಜೆ ಸಿಗಲಿಲ್ಲ.

*

"ಯಾರೂ ಎಬ್ಬಸಲಿಲ್ಲೇನ್ರಿ?" ಮಲ್ಲಾಬಾಯಿ ಕೇಳಿದಳು.

"ಗೊರಕಿ ಭಾಳ ಜೋರಿತ್ತವ್ವ," ಎಂದ ಅಂಬರೀಶ. "ಆಮ್ಯಾಲ ತಾನ ನಿಂತು. ಈಗ ಸಮಾಧಾನದ ನಿದ್ದಿ ಹತ್ತೇದ ಅಂತ ಬಿಟ್ಟಿವಿ."

"ಗೊರಕಿ ಹೊಡದಾಗ ನಗತಿದ್ರಿ. ನಿಂತಾಗ ಎಬ್ಬಸಬೇಕಿತ್ರಿ, ಸಾಹೇಬ್ರ."

ಹಾರ ಅವನ ಕೈಯಲ್ಲೇ ಉಳಿಯಿತು.

ರಂಗಂಪೇಟೆಯ ಆಚೆಯ ಮಸಣದಲ್ಲಿ, ಚೌಕವಾಗಿ ತೋಡಿದ್ದ ಕುಣಿಯನ್ನು ಉದ್ದಕ್ಕೆ ಅಗೆದಿದ್ದರು. ಹೆಣ ಇಳಿಸಿದಾಗ ಮಲ್ಲಾಬಾಯಿ ಅಂಚಿಗೆ ಬಂದಳು. "ಮಗ್ಗಲಿಗರೆ ಮಲಗಸು ಭಾವ. ಕೈ ಮುಗೀತೀನಿ."

ಯಂಕಣ್ಣ ಕುಣಿಗಿಳಿದು ತಮ್ಮನನ್ನು ಮಗ್ಗುಲಿಗೆ ತಿರುಗಿಸಿದ. ಬೆನ್ನಿಗೆ ಮಣ್ಣಿನ ಹೆಂಟೆಯ ಆಸರೆಯಿಟ್ಟ. ಮೇಲೆ ಬಂದು, "ಮಣ್ಣು ಹಾಕವ್ವ," ಎಂದ.

ಮಲ್ಲಾಬಾಯಿ ಒಂದು ಕೈ ಎತ್ತಿ ಮಂದಿಯ ಗುಜುಗುಜು ನಿಲ್ಲಿಸಿದಳು. ಇನ್ನೊಂದರ ಮುಷ್ಟಿಯೊಳಗೆ ಮಣ್ಣು ಹಾಗೇ ಇತ್ತು. ತಲೆ ಓರೆ ಮಾಡಿ, ಕುಣಿಯತ್ತ ಕಿವಿಗೊಟ್ಟು ನಿಂತಳು.