ಅಣ್ಣನ ವಲ್ಲಿ

ಬಳೆ ಒಡೆಯಲು ಪಟ್ಟಲಮ್ಮ ಕಲ್ಲೆತ್ತಿದಾಗ ಮಾಯಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು.

"ತವರಿನ ಸೀರೆ ಬರ್ಲಿ. ನಮ್ಮಣ್ಣ ತರ್ಬೇಕು. ಅಲ್ಲೀಗಂಟ ಯಾರೂ ನನ್ನ ಮುಟ್ಬ್ಯಾಡಿ."

ಗಂಡ ಸತ್ತವಳಿಗೆ ತವರಿನಿಂದ ಸೀರೆ ಬರಬೇಕು, ಅದನ್ನವಳು ಮಡಿಲಿಗೆ ಹಾಕಿಸಿಕೊಂಡ ಮೇಲೆಯೇ ಹೆಣ ಎತ್ತಬೇಕು. ಅವರ ಮನೆಗಳಲ್ಲಿ ನಡೆದುಕೊಂಡು ಬಂದದ್ದು ಹಾಗೆ. ನೆರೆಮನೆಯ ಮುದುಕಿ ಪಟ್ಟಲಮ್ಮ ಕಲ್ಲನ್ನು ಕೆಳಗಿಟ್ಟಳು.

ಮಂಡ್ಯದ ಆ ಓಣಿಯಲ್ಲಿ ಅವಳ ಗಂಡ ಶಿವಯ್ಯನ ಮನೆಯೆಂದು ಉಳಿದದ್ದು ಮುಂದಿನ ಗೋಡೆ ಮತ್ತು ಜಗಲಿ. ಅದರ ಹಿಂದೆ ಕಬ್ಬಿಗೆ ಔಷಧಿ ಹೊಡೆಯುವ ಸಣ್ಣ ವಿಮಾನದ ಒಂದು ರೆಕ್ಕೆ ಇನ್ನೂ ಬಿದ್ದಿತ್ತು. ಪೊಲೀಸರು ಸುತ್ತ ಹಗ್ಗ ಕಟ್ಟಿ ಹೋಗಿದ್ದರು. ಔಷಧಿಯ ಘಾಟಿಗೆ, ಬಂದವರೆಲ್ಲ ಮೂಗಿಗೆ ಬಟ್ಟೆ ಹಿಡಿದು ಕೂತಿದ್ದರು. ಶಿವಯ್ಯನನ್ನು ಮುಖ ಕಾಣದಂತೆ ಸುತ್ತಿ ಜಗಲಿಯ ಮೇಲೆ ಮಲಗಿಸಿದ್ದರು. ಪಾದಗಳು ಮಾತ್ರ ಹೊರಗಿದ್ದವು. ಅವುಗಳ ಮೇಲೆ ಬೆಲ್ಲದ ಪಾಕ ಸಿಡಿದು ಆಗಿದ್ದ ಕಲೆಗಳಿಂದಲೇ ಮಾಯಮ್ಮ ಅವನನ್ನು ಗುರುತಿಸಿದ್ದಳು.

"ಆ ಪೈಲೇಟು ಕುಡಿದಿದ್ನಂತೆ ಕಣವ್ವ" ಎಂದ ಶಿವಯ್ಯನ ದೊಡ್ಡಪ್ಪ ಮಾದಯ್ಯ. "ನಿಮ್ಮಣ್ಣನೇ ಟೇಸನ್ನಲ್ಲಿ ಬರೆಸವ್ನೆ."

"ಪೈಲೇಟೂ ಸತ್ತೋದ್ನಲ್ಲ ಮಾವ. ಕುಡಿದಿಲ್ಲಾ ಅನ್ನಕ್ಕೆ ಎದ್ದು ಬಂದಾನಾ?"

ಮಾದಯ್ಯ ಅವಳ ಮುಖ ನೋಡಿದ. ಅಲ್ಲಿ ಕಣ್ಣೀರಿರಲಿಲ್ಲ. ಅವಳು ಓಣಿಯ ತುದಿಯನ್ನೇ ನೋಡುತ್ತಿದ್ದಳು.

*

ಶಿವಯ್ಯನದು ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಕೆಲಸ. ಕರೆಂಟು ರಾತ್ರಿ ಮಾತ್ರ ಬರುತ್ತಿದ್ದುದರಿಂದ ಗಾಣವೂ ರಾತ್ರಿಯೇ ತಿರುಗುತ್ತಿತ್ತು. ಬೆಳಗಾದ ಮೇಲೆ ಮನೆಗೆ ಬಂದು, ಮುದ್ದೆ ನುಂಗಿ, ಸಂಜೆಯವರೆಗೆ ಮಲಗುತ್ತಿದ್ದ. ಮದುವೆಯಾದಾಗಿನಿಂದ ಮಾಯಮ್ಮ ಆ ನಿದ್ದೆಯನ್ನು ಕಾದಳು. ಪಾತ್ರೆಗೆ ಕಲಾಯಿ ಹಾಕುವವನನ್ನು ಓಣಿಯ ತುದಿಯಿಂದಲೇ ಓಡಿಸಿದಳು. ಸೊಪ್ಪಿನ ಸೋಮಮ್ಮ ಇಲ್ಲಿಗೆ ಬಂದರೆ ಕೂಗುವುದು ಬಿಟ್ಟು, ಬಾಗಿಲ ಬಳಿ ಗುಟ್ಟು ಹೇಳುವವಳಂತೆ "ಸೊಪ್ಪೂ" ಎನ್ನುತ್ತಿದ್ದಳು. ಈ ಬೀದಿಯಲ್ಲಿ ನಾಯಿಯೂ ಪಿಸುಗುಟ್ಟುತ್ತದೆ ಎಂದು ಜನ ನಗುತ್ತಿದ್ದರು.

ಎದ್ದ ಕೂಡಲೇ ಅವನು ಕೇಳುತ್ತಿದ್ದುದು ಒಂದೇ: "ಇವತ್ತು ಏನೇನಾಯ್ತಮ್ಮಿ?"

ಅವನು ಕಾಣದ ಹಗಲನ್ನು ಅವಳು ಒಂದನ್ನೂ ಬಿಡದೆ ಹೇಳುತ್ತಿದ್ದಳು. ಯಾರ ಮನೆಗೆ ಯಾರು ಬಂದರು, ಯಾವ ಎಮ್ಮೆ ಯಾರ ಗೋಡೆ ಕೆಡವಿತು. ಹೇಳಲಿಕ್ಕೆಂದೇ ಎಲ್ಲವನ್ನೂ ಕಣ್ಣು ನೆಟ್ಟು ನೋಡುವುದು ಅವಳಿಗೆ ಅಭ್ಯಾಸವಾಗಿತ್ತು.

*

ಅವತ್ತೂ ಹಾಗೆಯೇ ನೋಡುತ್ತಿದ್ದಳು. ಹಿಂದಿನ ಬೀದಿಯಲ್ಲಿ ಅಣ್ಣ ಸಿದ್ದರಾಜು ಕಟ್ಟಿಸಿದ ಮಹಡಿ ಮನೆಯ ಗೃಹಪ್ರವೇಶ. ಶಿವಯ್ಯ ಎಂದಿನಂತೆ ಮನೆಯಲ್ಲಿ ಮಲಗಿದ್ದ. ಎಪ್ಪತ್ತನಾಲ್ಕರ ಆ ಹಂಗಾಮಿನಲ್ಲಿ ಕಬ್ಬಿಗೆ ಹುಳ ಬಿದ್ದು, ದೊಡ್ಡ ಕುಳಗಳೆಲ್ಲ ಸೇರಿ ವಿಮಾನ ತರಿಸಿದ್ದರು. ಪೈಲಟ್ ಹುಡುಗನಿಗೆ ಬಾಡೂಟ ಹಾಕಿಸಿ ಒಪ್ಪಿಸಿದ್ದೇನೆ, ನಮ್ಮ ಮನೆಯ ಮೇಲೆ ಒಂದು ಸುತ್ತು ಬರುತ್ತಾನೆ ಎಂದು ಸಿದ್ದರಾಜು ನೆಂಟರನ್ನೆಲ್ಲ ಮಹಡಿಗೆ ಹತ್ತಿಸಿದ್ದ.

ವಿಮಾನ ಬಂತು. ಸುತ್ತು ಹಾಕಿ ಹೊಲದ ಕಡೆ ತಿರುಗಿತು. ಹೆಂಗಸರು ಚಪ್ಪಾಳೆ ತಟ್ಟಿದರು, ಮಾಯಮ್ಮನೂ ತಟ್ಟಿದಳು. ಸಿದ್ದರಾಜುವಿಗೆ ಅಷ್ಟು ಸಾಲಲಿಲ್ಲ. ಹೆಗಲ ಮೇಲಿದ್ದ ಜರಿಯಂಚಿನ ವಲ್ಲಿ ತೆಗೆದು, ಇನ್ನೂ ಕೆಳಕ್ಕೆ ಬಾ ಎಂದು ಬೀಸತೊಡಗಿದ. ವಿಮಾನ ಮರಳಿತು. ಎಲ್ಲರೂ ಆಕಾಶ ನೋಡುತ್ತಿದ್ದಾಗ ಮಾಯಮ್ಮ ಅಣ್ಣನನ್ನು ನೋಡಿದಳು. ಇದನ್ನು ಹೇಳಿದರೆ ಗಂಡ ಹೊಟ್ಟೆ ಹಿಡಿದು ನಗುತ್ತಾನೆ ಎಂದುಕೊಂಡಳು. ವಲ್ಲಿ ಇನ್ನೂ ಮೇಲಿದ್ದಾಗಲೇ ವಿಮಾನ ತೆಂಗಿನ ಮರಕ್ಕೆ ತಾಗಿ, ಮಗುಚಿ, ಅವಳ ಓಣಿಯೊಳಕ್ಕೆ ಇಳಿಯಿತು.

*

ಸಿದ್ದರಾಜು ಬಂದ. ಕೈಯಲ್ಲಿ ಹೊಸ ಸೀರೆ, ಹೆಗಲ ಮೇಲೆ ಇಸ್ತ್ರಿ ಮಾಡಿದ ಅದೇ ವಲ್ಲಿ.

"ಮಡ್ಲೊಡ್ಡವ್ವ" ಎಂದು ಬಾಗಿದ.

ಮಾಯಮ್ಮ ಸೆರಗು ಒಡ್ಡಲಿಲ್ಲ. "ಆ ವಲ್ಲಿ ತಗಿ ಅಣ್ಣಯ್ಯ. ಮೊನ್ನೆ ಮಾಡಿಮನೆ ಮ್ಯಾಲೆ ಬೀಸ್ದಲ್ಲ, ಅಂಗೇ ಬೀಸು. ನಿನ್ ಬಾವ ಮನಗಿದ್ದ, ನೋಡ್ನಿಲ್ಲ."

"ದುಃಖಕ್ಕೆ ತಲೆ ಕೆಟ್ಟದೆ" ಎಂದು ಸಿದ್ದರಾಜು ಸುತ್ತಲಿದ್ದವರಿಗೆ ಹೇಳಿದ.

"ಏನ್ಲಾ ಅದು ಬೀಸಿದ್ದು?" ಎಂದ ಮಾದಯ್ಯ.

ಮಾಯಮ್ಮನೇ ಹೇಳಿದಳು. ದಿನಾ ಸಂಜೆ ಗಂಡನಿಗೆ ಹೇಳುತ್ತಿದ್ದ ಅದೇ ದನಿಯಲ್ಲಿ, ಬಾಡೂಟ, ಮೊದಲ ಸುತ್ತು, ಚಪ್ಪಾಳೆ, ವಲ್ಲಿ, ಒಂದನ್ನೂ ಬಿಡಲಿಲ್ಲ. ಹೇಳಿದ್ದು ಪಾದಗಳ ಕಡೆ ತಿರುಗಿ. ಅವಳು ಮುಗಿಸುವಷ್ಟರಲ್ಲಿ, ಚಟ್ಟಕ್ಕೆ ಹೆಗಲು ಕೊಡಲು ನಿಂತಿದ್ದವರು ಒಬ್ಬೊಬ್ಬರಾಗಿ ನೆಲದ ಮೇಲೆ ಕೂತರು.

ಸಿದ್ದರಾಜು ಅವಳ ಕಿವಿಯ ಬಳಿ ಬಗ್ಗಿದ. "ಒಡುಟ್ದೋನು ಕಣೆ ನಾನು. ಎಲ್ಲಾರ್ ಮುಂದೆ ಮಾನ ಕಳೀತೀಯಾ?"

"ಎಣ ಕಾಯ್ತದೆ ಅಣ್ಣಯ್ಯ. ನಾನೂ ಕಾಯ್ತೀನಿ."

ಬಿಸಿಲು ಜಗಲಿಗೆ ಏರಿತು. ನೊಣಗಳು ಬಂದವು. ಪಟ್ಟಲಮ್ಮ ಬೀಸಣಿಗೆ ಹಿಡಿದು ಪಾದಗಳ ಬಳಿ ಕೂತಳು. ಸೊಪ್ಪಿನ ಬುಟ್ಟಿ ಹೊತ್ತು ಬಂದ ಸೋಮಮ್ಮ ಓಣಿಯ ತುದಿಯಲ್ಲೇ ನಿಂತಳು, ಸದ್ದಿಲ್ಲದೆ.

ಕೊನೆಗೆ ಸಿದ್ದರಾಜು ಸೀರೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ವಲ್ಲಿಯನ್ನು ಎದೆಯ ಮಟ್ಟಕ್ಕೆ ಎತ್ತಿದ.

"ಮ್ಯಾಕೆ" ಎಂದಳು ಮಾಯಮ್ಮ. "ಸೋಮಮ್ಮಂಗೂ ಕಾಣ್ಲಿ."

ಕೈ ಮೇಲೆ ಹೋಯಿತು. ಜರಿ ಮಿಂಚಿತು. ಈ ಸಲ ಯಾರೂ ಆಕಾಶ ನೋಡಲಿಲ್ಲ. ಕೈ ಇಳಿಯತೊಡಗಿದಾಗ ಅವಳು, ಮಲಗಿದವನಿಗೆ ಎಚ್ಚರವಾಗದಷ್ಟು ಮೆಲ್ಲಗೆ, "ಇನ್ನೊಂದು ಸುತ್ತು" ಎಂದಳು.

ವಲ್ಲಿ ಮತ್ತೆ ಎದ್ದಿತು. ಕಂಕುಳಲ್ಲಿದ್ದ ಸೀರೆ ಜಾರಿ ಶಿವಯ್ಯನ ಪಾದಗಳ ಮೇಲೆ ಬಿತ್ತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.