ಮರುಳಪ್ಪನವರ ಮುಂಜಾನೆಯ ನರಿ

ನನ್ನ ಭಾವ ಮರುಳಪ್ಪನವರು ಮಂಡಲ ಪಂಚಾಯಿತಿ ಚುನಾವಣೆಗೆ ನಿಂತಾಗ, ಗೆದ್ದರೆ ಊರಿಗೆ ಏನು ಮಾಡಬೇಕೆಂದು ಯೋಚಿಸಲಿಲ್ಲ. ಅಂಥ ದುರಭ್ಯಾಸ ಅವರಿಗೆ ಎಂದೂ ಇರಲಿಲ್ಲ. ಬೆಳಿಗ್ಗೆ ಎದ್ದು ಯಾರ ಮುಖ ನೋಡಬೇಕು ಎಂಬುದೊಂದನ್ನೇ ತಲೆಗೆ ಹಚ್ಚಿಕೊಂಡು ಕೂತರು.

ಅದು ಎಂಬತ್ತೇಳರ ಜನವರಿ. ಜಗಳೂರಿನಾಚೆಯ ಆ ಊರಿನಲ್ಲಿ ಯಾರಿಗಾದರೂ ಒಳ್ಳೆಯದಾದರೆ, ಎದ್ದ ತಕ್ಷಣ ನರಿ ಮುಖ ನೋಡಿರಬೇಕು ಎನ್ನುವುದು ವಾಡಿಕೆ. ಉಳಿದವರು ಮಾತಿಗೆ ಹಾಗೆ ಅನ್ನುತ್ತಿದ್ದರು. ಭಾವ ಅದನ್ನು ಯೋಜನೆಯಾಗಿ ಜಾರಿಗೆ ತಂದರು. ನರಿಗಾಗಿ ಹೊಲದಲ್ಲಿ ಕಾಯುವುದೇಕೆ, ನರಿಯನ್ನೇ ಮನೆಗೆ ತಂದರೆ ಅದೃಷ್ಟ ದಿನಾ ಹಿತ್ತಲಲ್ಲೇ ಬಿದ್ದಿರುತ್ತದೆ!

ಬಲೆ ಹಾಕುವ ಗೋಣೆಪ್ಪ ಬೀಳು ಹೊಲದಲ್ಲಿ ಒಂದು ಬಿಲ ಹುಡುಕಿದ. ನರಿ ಬಿಲಕ್ಕೆ ನಾಲ್ಕೈದು ಬಾಯಿ. ಎರಡು ಬಿಟ್ಟು ಉಳಿದವನ್ನು ಕಲ್ಲಿಟ್ಟು ಮುಚ್ಚಿ, ಒಂದಕ್ಕೆ ಹೊಗೆ ಹಾಕಿ, ಮತ್ತೊಂದಕ್ಕೆ ಬಲೆ ಕಟ್ಟಿದ. ಸಿಕ್ಕಿದ್ದು ಹೆಣ್ಣು. ಊಳಿಡುತ್ತಾ ತಿರುಗುವ ದೊಡ್ಡ ನರಿಯಲ್ಲ. ಬೆಕ್ಕಿಗಿಂತ ಒಂದಿಷ್ಟು ದೊಡ್ಡದಾದ ಬಯಲುನರಿ. ಕೆಂಬೂದು ಮೈ, ತೆಳ್ಳನೆಯ ಕಾಲು, ಅಗಲ ಕಿವಿ, ತುದಿ ಕಪ್ಪಾದ ಪೊದೆಬಾಲ. ಬಡಗಿ ಮಾಡಿದ ಮರದ ಬೋನಿನಲ್ಲಿ ಅದನ್ನು ಕೂಡಿಹಾಕಿ, ಮುಂದೆ ಹಾಲು, ಬಾಳೆಹಣ್ಣು ಇಟ್ಟರು. ಅದು ಮೂಸಿಯೂ ನೋಡಲಿಲ್ಲ.

ಪ್ರಚಾರಕ್ಕೆ ನೆರವಾಗಲೆಂದು ನಾನು ಬಸವಾಪಟ್ಟಣದಿಂದ ಹೋಗಿದ್ದೆ. ಭಾವ ನನಗೆ ಬೇರೆಯೇ ಹುದ್ದೆ ಕೊಟ್ಟರು: ನರಿ ಎಬ್ಬಿಸುವುದು. ಅಕ್ಕ ಸಿದ್ದಲಿಂಗಮ್ಮನಿಗೆ ಇನ್ನೂ ದೊಡ್ಡ ಹುದ್ದೆ. ಭಾವ ಹಾಸಿಗೆಯಿಂದ ಕಣ್ಣು ಮುಚ್ಚಿಕೊಂಡೇ ಏಳುವರು. ಅಕ್ಕನ ಹೆಗಲ ಮೇಲೆ ಕೈಯಿಟ್ಟು ಬೋನಿನವರೆಗೆ ನಡೆಯುವರು. ನಡುವೆ ಕಣ್ಣು ಬಿಟ್ಟರೆ ಮೊದಲು ಕಾಣುವುದು ಅವಳ ಮುಖವಾದೀತೆಂಬ ಭಯ. ಮದುವೆಯಾಗಿ ಇಷ್ಟು ವರ್ಷ ಆ ಮುಖ ನೋಡಿಯೇ ಎದ್ದಿದ್ದರು. ಹೊಲ, ಮನೆ, ಮಕ್ಕಳು ಎಲ್ಲಾ ಆದದ್ದೂ ಆಗಲೇ. ಆದರೆ ಇದು ಚುನಾವಣೆ ನೋಡಿ, ಹೆಂಡತಿ ಮುಖದ ಭರವಸೆಯಲ್ಲಿ ಬಿಡಲಾಗುತ್ತದೆಯೇ?

ಮೊದಲ ದಿನ ಭಾವ ಬೋನಿನ ಮುಂದೆ ಭಕ್ತಿಯಿಂದ ಕಣ್ಣು ಬಿಟ್ಟರು. ಎದುರಿಗೆ ಒಂದು ರೋಮದ ಉಂಡೆ.

“ಮುಖ ಎಲ್ಲೈತೋ ಮಹೇಶ್ವರಪ್ಪಾ?”

“ಬಾಲದೊಳಗೈತೆ ಭಾವ.”

ರಾತ್ರಿಯೆಲ್ಲ ಎದ್ದಿರುವ ಪ್ರಾಣಿ ಅದು. ಬೆಳಕು ಹರಿಯುತ್ತಲೂ ಸುರುಳಿ ಸುತ್ತಿ, ಮೂತಿಯ ಮೇಲೆ ಬಾಲ ಹೊದ್ದು ಮಲಗುತ್ತದೆ. ಚುನಾವಣೆಯ ವಿಷಯ ಅದಕ್ಕೆ ಯಾರೂ ತಿಳಿಸಿರಲಿಲ್ಲ.

“ಬಾಲ ನೋಡಿದ್ರೆ ಏನಾಗ್ತೈತೆ?” ಎಂದರು ಭಾವ, ಗಾಬರಿಯಿಂದ.

ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾವ ಅಂದಿನ ಪ್ರಚಾರ ನಿಲ್ಲಿಸಿ ಮತ್ತೆ ಹೋಗಿ ಮಲಗಿದರು, ಹೊಸದಾಗಿ ಏಳುವುದಕ್ಕೆ. ಮರುದಿನದಿಂದ ನಾನು ಜೋಳದ ದಂಟಿನಿಂದ ತಿವಿದು ಅದರ ತಲೆ ಎತ್ತಿಸತೊಡಗಿದೆ. ಅದು ನಿದ್ದೆಗಣ್ಣಲ್ಲಿ ಭಾವನವರನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಭಾವ ಕೈ ಮುಗಿಯುತ್ತಿದ್ದರು.

ಹಾಲು ಮುಟ್ಟದ ನರಿ ಬದುಕಿದ್ದು ಹೇಗೆಂಬುದನ್ನು ಅಕ್ಕ ಕಂಡುಹಿಡಿದಳು. ಬೋರೆ ಹಣ್ಣು ಹಾಕಿದರೆ ತಿನ್ನುತ್ತಿತ್ತು. ಉಳಿದದ್ದು ಹೊರಗಿನಿಂದ ಬರುತ್ತಿತ್ತು. ಅದು ನರಿಗಳು ಜೋಡಿಯಾಗುವ ಕಾಲ. ಸಂಜೆ ಬೆಳಕು ಇಳಿಯುತ್ತಲೂ ಗಂಡು ನರಿ ಜಾಲಿ ಮರೆಯಿಂದ ಬಂದು, ಬಾಯಲ್ಲಿದ್ದ ಇಲಿಯನ್ನೋ ಓತಿಯನ್ನೋ ಬೋನಿನ ಸಂದಿಯಲ್ಲಿ ತುರುಕುವುದು. ಮೂಗಿಗೆ ಮೂಗು ತಾಗಿಸಿ ಒಂದಿಷ್ಟು ಹೊತ್ತು ನಿಂತು ಹೋಗುವುದು. ಹಿತ್ತಲಲ್ಲಿ ಇಲಿ ಬಾಲ ಬಿದ್ದು, ಈರುಳ್ಳಿ ತಿನ್ನಲೂ ಹಿಂದೆಮುಂದೆ ನೋಡುತ್ತಿದ್ದ ಭಾವನವರ ಮನೆ ಮೈಲಿಗೆಯಾಯಿತು. ಅದೃಷ್ಟಕ್ಕೆಂದು ಭಾವ ಅದನ್ನೂ ಸಹಿಸಿದರು.

ಮತದಾನದ ಹಿಂದಿನ ಸಂಜೆ ಅಕ್ಕ ಮತ್ತು ನಾನು ಬಚ್ಚಲ ಗೋಡೆಯ ಮರೆಯಿಂದ ಇದನ್ನು ನೋಡುತ್ತಿದ್ದೆವು.

“ನೋಡೋ ತಮ್ಮಾ,” ಎಂದಳು ಅಕ್ಕ, “ಅದರ ಗಂಡ ಜೀವ ಒತ್ತೆ ಇಟ್ಟು ದಿನಾ ಅದರ ಮುಖ ನೋಡಾಕೆ ಬರ್ತೈತೆ. ನನ್ನ ಗಂಡ ನನ್ನ ಮುಖ ಕಾಣಬಾರ್ದು ಅಂತ ಕಣ್ಣು ಮುಚ್ಕೊಂಡು ಏಳ್ತಾನೆ. ನಾನೇನು ಅಪಶಕುನ ಆದ್ನಾ?”

ನನಗೆ ಭಾವನವರ ಮೇಲೆ ಸಿಟ್ಟು ಬಂತು. ಇಷ್ಟು ದಿನ ದಂಟು ಹಿಡಿದು ನಿಂತ ನನ್ನ ಮೇಲೂ ಬಂತು. ಅಕ್ಕ ಹೋಗಿ ಬೋನಿನ ಬಾಗಿಲು ಎತ್ತಿದಳು. ಹೆಣ್ಣು ನರಿ ಹೊರಗೆ ಬಂದು ಮೈ ಕೊಡವಿತು. ಎರಡೂ ಜಾಲಿಯ ಕಡೆಗೆ ಓಡಿದವು.

ಬೆಳಿಗ್ಗೆ ಭಾವ ಎಂದಿನಂತೆ ಕಣ್ಣು ಮುಚ್ಚಿ ಹೆಗಲು ಹಿಡಿದು ಬಂದರು. ಅಕ್ಕ ಬೋನಿನ ಮುಂದೆ ನಿಂತು ಅವರ ಕಡೆ ತಿರುಗಿದಳು.

“ಕಣ್ಣು ಬಿಡ್ರಿ.”

ಬಿಟ್ಟರು. ಅಂಗೈಯಗಲ ಕುಂಕುಮವಿಟ್ಟ ಅಕ್ಕನ ಮುಖ. ಅದರ ಹಿಂದೆ ಖಾಲಿ ಬೋನು.

“ಮುಳುಗಿಸಿದ್ಯಲ್ಲೇ!” ಎಂದು ಭಾವ ಅಲ್ಲೇ ಕುಸಿದರು. ಇಡೀ ದಿನ ಹೊರಗೆ ಬರಲಿಲ್ಲ. ಬಹುಶಃ ಅದೇ ಉಪಕಾರವಾಯಿತು. ಕೊನೆಯ ದಿನ ಅವರ ಮಾತು ಕೇಳುವುದು ತಪ್ಪಿದ ಸಂತೋಷಕ್ಕೆ ಜನ ಅವರಿಗೇ ಓಟು ಹಾಕಿದರು. ಮರುದಿನ ಎಣಿಕೆಯಾದಾಗ ಭಾವ ಗೆದ್ದಿದ್ದರು.

ಹಲಗೆ ಬಡಿಸಿಕೊಂಡು, ಕಿವಿ ಮುಚ್ಚುವಷ್ಟು ಹಾರ ಹಾಕಿಸಿಕೊಂಡು ಮನೆ ಬಾಗಿಲಿಗೆ ಬಂದರು. ಅಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳೆದುರೇ ಭಾವ ಜನರ ಕಡೆ ತಿರುಗಿ ಹೇಳಿದರು: “ಎಲ್ಲಾ ನರಿ ಮುಖದ ಮಹಿಮೆ ಕಣ್ರಪ್ಪಾ! ಓಟಿನ ದಿನ ಅದನ್ನ ನೋಡೇ ಎದ್ದಿದ್ದೆ.”

ಅಕ್ಕ ಅವರನ್ನು ದಾಟಿಕೊಂಡು ಹಿತ್ತಲಿಗೆ ನಡೆದಳು. ಗೆಲ್ಲಿಸಿದ ನರಿಗೆ ಮೊದಲು ಆರತಿಯೆಂದು ತಿಳಿದು ಜನವೂ ಹಿಂದೆ ಬಂತು. ಅವಳು ಕರ್ಪೂರ ಹಚ್ಚಿ ಖಾಲಿ ಬೋನಿಗೆ ಆರತಿ ಎತ್ತಿದಳು.

“ನರಿ ಎಲ್ಲವ್ವಾ?” ಎಂದ ಗೋಣೆಪ್ಪ.

“ಮೊನ್ನೆ ಸಂಜೆನೇ ಗಂಡನ ಜೊತೆ ಹೋತು.”

“ಹಂಗಾದ್ರೆ ಓಟಿನ ದಿನ ಮರುಳಪ್ಪನೋರು ನೋಡಿದ್ದು ಯಾರ ಮುಖ?”

ಅಕ್ಕ ತಟ್ಟೆ ಹಿಡಿದು ಗಂಡನ ಮುಂದೆ ಬಂದು ನಿಂತಳು. “ಹೇಳ್ರಿ,” ಎಂದಳು. ಹಲಗೆಯವರು ಕೈ ನಿಲ್ಲಿಸಿದರು. ಭಾವ ನನ್ನ ಕಡೆ ನೋಡಿದರು. ನಾನು ಜಾಲಿ ಮರ ನೋಡುತ್ತಿದ್ದೆ.

“ಇವಳದು,” ಎಂದರು ಕೊನೆಗೆ.

ಹಿಂದೆ ನಿಂತವರಿಗೆ ಕೇಳಿಸಲಿಲ್ಲವಂತೆ. ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು.