ಹೊಲಿಗೆಗೆ ಬಿಟ್ಟ ಒಂದಿಂಚು

“ಅರವತ್ತಕ್ಕೆ ಅರಳು ಮರಳು ಅಂತಾರಲ್ಲ, ಇದೇ ಅದು” ಎಂದು ನನ್ನ ಗಂಡ ಗೊಣಗಿದ್ದು ಅತ್ತೆಯ ಬೆನ್ನ ಹಿಂದೆ. ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, “ಹೇಳೋದಿದ್ರೆ ಅವರ ಎದುರಿಗೆ ನಿಂತು ಹೇಳಿ” ಎಂದೆ. ಊರಿಗೆಲ್ಲ ಹುಲಿಯಾದರೂ ತಾಯಿಯ ಮುಂದೆ ನಮ್ಮವರು ಇಲಿ.

ವಿಷಯ ಇಷ್ಟೇ. ನಮ್ಮದು ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮಾವನವರು ಇದ್ದಾಗ ಒಂದು ಪುಟ್ಟ ಕಾರು ಕೊಂಡಿದ್ದರು. ಹೊಲಿದ ಬಟ್ಟೆಯನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಅವರು ಕಾರು ಓಡಿಸುವರು, ಅತ್ತೆ ಪಕ್ಕದಲ್ಲಿ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂರುವರು. ಸ್ಟೇರಿಂಗನ್ನು ಅತ್ತೆಗೆ ಒಂದು ದಿನವೂ ಮುಟ್ಟಲು ಬಿಟ್ಟವರಲ್ಲ. “ನಿನ್ನ ಕೈಗೆ ಸೂಜಿ ಸಾಕು” ಅನ್ನುವರು. ಮಾವ ತೀರಿಕೊಂಡ ಮೇಲೆ ಕಾರು ಅಂಗಡಿಯ ಪಕ್ಕದ ಓಣಿಯಲ್ಲಿ ಧೂಳು ತಿನ್ನುತ್ತ ನಿಂತಿತು. ಒಂದು ಬೆಳಿಗ್ಗೆ ನೋಡಿದರೆ ಅತ್ತೆ ಅದನ್ನು ಒರೆಸಿ, ಒಳಗೆ ಬಲಗಡೆ ಕೂತು, ಸ್ಟೇರಿಂಗ್ ಹಿಡಿದುಕೊಂಡಿದ್ದರು.

“ಬಾರೇ, ನಂಗೆ ಇದನ್ನ ಕಲಿಸು. ಇಷ್ಟು ವರ್ಷ ಯಾರೋ ಕರ್ಕೊಂಡು ಹೋದ ಕಡೆಗೆ ಹೋದೆ. ಇನ್ನು ನಾನು ಹೋಗಬೇಕಾದ ಕಡೆಗೆ ನಾನೇ ಹೋಗ್ತೀನಿ.”

ತವರಿನಲ್ಲೇ ಓಡಿಸಲು ಕಲಿತವಳು ನಾನು, ಕಲಿಸಿದೆ. ನಾವಿಬ್ಬರೂ ಜಗಳವಾಡಿದ್ದೇ ಹೆಚ್ಚು. ಬಲಕ್ಕೆ ಎಂದರೆ ಬಲಕ್ಕೇ ತಿರುಗಿಸುವರು, ಆದರೆ ಎಡಗಡೆಯ ಫುಟ್‌ಪಾತಿನ ಕಲ್ಲನ್ನು ಮಾತ್ರ ಬಿಡುವವರಲ್ಲ. ಅದರ ಮೈಗೆ ಚಕ್ರ ಉಜ್ಜದಿದ್ದರೆ ಅವರಿಗೆ ಸಮಾಧಾನವಿಲ್ಲ. “ಕಲ್ಲೇ ಮುಂದಕ್ಕೆ ಬಂದಿದೆ ಕಣೇ” ಅನ್ನುವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನೂ ಬಿಡುತ್ತಿರಲಿಲ್ಲ. ಆದರೂ ಕಲಿತರು. ಅತ್ತೆ ಕುಳ್ಳು, ಬೇರೆ ಕಾರುಗಳಲ್ಲಿ ಅವರ ಕಾಲಿಗೆ ಕ್ಲಚ್ಚೇ ಸಿಗುವುದಿಲ್ಲ. ಈ ಕಾರಿನಲ್ಲಿ ಮಾತ್ರ ಎಲ್ಲವೂ ಅವರ ಅಳತೆಗೇ ಮಾಡಿಸಿದ ಹಾಗಿತ್ತು.

ಲೈಸೆನ್ಸಿನ ಪರೀಕ್ಷೆಯ ದಿನ, ಸೋಮವಾರ, ಇನ್‌ಸ್ಪೆಕ್ಟರ್ ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಟೈರು ಬೋಳು. ಎಡಗಡೆಯ ಎರಡೂ ರಿಮ್ಮಿನ ಅಂಚು ಸೊಟ್ಟ, ಬಲಗಡೆಯದು ತುಕ್ಕು. “ಅಮ್ಮಾ, ಇದರಲ್ಲಿ ನಾನು ಕೂರಲ್ಲ, ನಿಮ್ಮನ್ನೂ ಕೂರಿಸಲ್ಲ. ನಾಲ್ಕೂ ಚಕ್ರ ಬದಲಾಯಿಸಿ ಶನಿವಾರ ಬನ್ನಿ. ನಿಮ್ಮ ಕಲಿಕೆಯ ಲೈಸೆನ್ಸೂ ಅವತ್ತಿಗೇ ಮುಗಿಯತ್ತೆ” ಎಂದು ವಾಪಸ್ ಕಳಿಸಿದರು.

ಮನೆಗೆ ಬಂದ ಮೇಲೆ ಅತ್ತೆ ನನಗೆ ಮಾತ್ರ ಕೇಳುವಂತೆ ಹೇಳಿದರು: “ಶನಿವಾರ ಆಗದಿದ್ರೆ ಬಿಟ್ಟುಬಿಡೋಣ. ಮತ್ತೆ ಮೊದಲಿಂದ ಶುರು ಮಾಡೋ ಧೈರ್ಯ ನಂಗಿಲ್ಲ.” ನಮ್ಮವರು ಅಷ್ಟರಲ್ಲೇ ಗುಜರಿಯವನ ಹೆಸರೆತ್ತಿದ್ದರು. ಅರಳು ಮರಳಿನ ಮಾತು ಬಂದದ್ದು ಆಗಲೇ. ಆ ಕ್ಷಣಕ್ಕೆ ನಾನು ನಿಶ್ಚಯಿಸಿದೆ, ಶನಿವಾರ ಅತ್ತೆ ಆ ಪರೀಕ್ಷೆಯ ಅಂಗಳದಲ್ಲಿ ಕಾರು ಓಡಿಸಿಯೇ ತೀರಬೇಕು.

ಹೊಸ ಚಕ್ರ ತರಿಸಲು ಅಳತೆ ಬೇಕಾಯಿತು. ಅಳತೆಯ ಅಂಕಿ ಟೈರಿನ ಮೇಲೆ ಬರೆದಿರುತ್ತದಂತೆ. ನಮ್ಮದರಲ್ಲಿ ಎಲ್ಲಿಂದ ಬರಬೇಕು, ಎಡಗಡೆಯದನ್ನು ಅತ್ತೆ ಕಲ್ಲಿಗೆ ಉಜ್ಜಿ ಅಳಿಸಿದ್ದರು, ಬಲಗಡೆಯದು ಬಿಸಿಲಿಗೆ ಬಿರುಕು ಬಿಟ್ಟು ಮಾಯವಾಗಿತ್ತು. “ಅಳತೆಗೆ ಪರರ ಮನೆ ಯಾಕೆ” ಎಂದು ಅತ್ತೆ ಕೊರಳಿನ ಟೇಪು ತೆಗೆದು, ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಅಳೆದರು. “ಹದಿಮೂರು” ಎಂದರು. ನಮ್ಮವರು ದೂರದ ಊರಿನ ಬಿಡಿಭಾಗದ ವ್ಯಾಪಾರಿಗೆ ಫೋನು ಮಾಡಿ ಹದಿಮೂರೇ ಹೇಳಿದರು. ಟೈರು ಸಮೇತ ನಾಲ್ಕು ಚಕ್ರ ಬುಧವಾರ ಬಂದಿಳಿದವು. ಹೊಸ ರಬ್ಬರಿನ ವಾಸನೆಗೆ ಅಂಗಡಿಯ ಬಟ್ಟೆಯ ವಾಸನೆಯೇ ಅಡಗಿಹೋಯಿತು.

ಮೂಲೆಯ ಟೈರಿನಂಗಡಿಯವನು ಜಾಕ್ ಕೊಟ್ಟು ನಾಲ್ಕನ್ನೂ ಕೂರಿಸಿದ. ಅತ್ತೆ ಒಳಗೆ ಕೂತು ಸ್ಟೇರಿಂಗ್ ಎಡಕ್ಕೆ ತಿರುಗಿಸಿದರು. ಕರಕರ ಎಂದು ಟೈರು ಮಡ್‌ಗಾರ್ಡನ್ನು ಅಗಿಯತೊಡಗಿತು. ಬಲಕ್ಕೆ ತಿರುಗಿಸಿದರೂ ಅದೇ ಕಥೆ. ಮೂಗಿಗಿಂತ ಮೂಗುತಿ ಭಾರ.

ಟೈರಿನವನು ಹಳೆಯ ರಿಮ್ಮನ್ನು ಮಗುಚಿ ನೋಡಿ, “ಇದು ಹನ್ನೆರಡು. ಯಾರ್ರೀ ಹದಿಮೂರು ಅಂದೋರು?” ಎಂದ.

ನಾನು ಗಂಡನ ಕಡೆ ನೋಡಿದೆ, ಗಂಡ ಅತ್ತೆಯ ಕಡೆ ನೋಡಿದರು. ಅತ್ತೆ ತಮ್ಮ ಕೈಯನ್ನು ನೋಡಿಕೊಂಡರು. ಅರ್ಥವಾಯಿತು. ನಮ್ಮ ಅಂಗಡಿಯಲ್ಲಿ ಯಾರನ್ನು ಅಳೆದರೂ ಒಂದಿಂಚು ಸೇರಿಸಿಯೇ ಹೇಳಬೇಕು. ಅದು ಮಾವನ ಕಾಲದ ಕಟ್ಟಪ್ಪಣೆ. ಬಟ್ಟೆ ಒಗೆದರೆ ಕುಗ್ಗುತ್ತದೆ, ಮನುಷ್ಯ ಉಂಡರೆ ಹಿಗ್ಗುತ್ತಾನೆ, ಹೊಲಿಗೆಗೆ ಒಂದಿಂಚು ಬಿಡು ಎನ್ನುವರು. ನಲವತ್ತು ವರ್ಷ ಹಾಗೆ ಹೇಳಿದ ನಾಲಿಗೆ ಚಕ್ರಕ್ಕೂ ಹೊಲಿಗೆ ಬಿಟ್ಟಿತ್ತು.

ಕೂರಿಸಿ ನೋಡಿದ ಚಕ್ರವನ್ನು ವಾಪಸ್ ತಗೊಳ್ಳಲ್ಲ ಎಂದು ವ್ಯಾಪಾರಿ ಫೋನು ಇಟ್ಟ. ಟೈರಿನವನ ಬಳಿ ಹನ್ನೆರಡರ ಟೈರು ಹೊಸದೇ ಇತ್ತು. “ಟೈರಿಗೆ ನಾನಿದ್ದೀನಿ. ರಿಮ್ ಎಲ್ಲಿಂದ ತರ್ತೀರಿ? ಈ ಕಾರು ಮಾಡೋದು ನಿಲ್ಲಿಸಿ ಯಾವ ಕಾಲವಾಯ್ತು.”

ಗುರುವಾರ ನಾನು ಎರಡು ಗುಜರಿ ಅಂಗಳ ಸುತ್ತಿದೆ. ಒಬ್ಬ ಕಿತ್ತ ಸೀಟಿನ ಮೇಲೆ ಕಾಲು ಚಾಚಿ, ಆ ಕಾರು ಕಂಡು ಬಹಳ ದಿನವಾಯಿತು ಎಂದ. ಇನ್ನೊಬ್ಬ, ನಿಮ್ಮದನ್ನೇ ಕೊಡ್ತೀರಾ ಎಂದು ಕೇಳಿದ. ಬಾಯಿಗೆ ಬಂದದ್ದನ್ನು ಅಂದು ಬಂದೆ. ಮನೆಯಲ್ಲಿ ಅತ್ತೆ ಕತ್ತರಿಸುವ ಮೇಜಿನ ಮುಂದೆ ದೀಪವೂ ಹಾಕದೆ ಕೂತಿದ್ದರು.

“ಸಾಕು ಕಣೇ. ಚಕ್ರದ ಅಳತೆ ತಪ್ಪಿದೋಳು ರಸ್ತೆ ಅಳತೆ ಏನು ಹಿಡೀತೀನಿ. ನಿಮ್ಮ ಮಾವ ಹೇಳಿದ್ದೇ ಸರಿ ಇರಬೇಕು.”

ಅತ್ತೆ ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದವಳೇ ಅಲ್ಲ. ಜಗಳಕ್ಕೆ ಬಂದಿದ್ದರೆ ಸಹಿಸುತ್ತಿದ್ದೆ, ಇದನ್ನು ಸಹಿಸಲಾಗಲಿಲ್ಲ. ಕಣ್ಣು ತುಂಬಿತು, ಅದಕ್ಕೇ ದನಿ ಏರಿತು. “ಮಾವ ಹೇಳಿದ್ದು ಮಾವನ ಜೊತೆ ಹೋಯ್ತು. ನಾನೇನು ಮಾಡ್ಲಿ ಹೇಳಿ, ಆ ಕಪ್ಪೆ ಮೂತಿಯ ಕಾರು ಈ ಊರಲ್ಲಿ ನಮ್ಮದೊಂದೇ ಉಳಿದಿರೋದು!”

ಅತ್ತೆ ತಲೆಯೆತ್ತಿದರು. “ಒಂದೇ ಅಲ್ಲ.”

“ಏನು?”

“ಇನ್ನೊಂದಿದೆ. ನಾನು ಅದಕ್ಕೆ ಬಟ್ಟೆ ಹೊಲಿದಿದ್ದೀನಿ.”

ಹಲ್ಲಿನ ಡಾಕ್ಟರ ಹೆಂಡತಿಯ ಕಾರಂತೆ. ಆಕೆ ತೀರಿಹೋದ ಮೇಲೆ ಡಾಕ್ಟರು ಅದಕ್ಕೊಂದು ದಪ್ಪ ಬಟ್ಟೆಯ ಮುಸುಕು ಹೊಲಿಸಿದ್ದರಂತೆ. ಅತ್ತೆ ನಮ್ಮ ಕಾರಿನ ಮೈಗೇ ಅಳತೆ ಹಿಡಿದು ಕೊಟ್ಟಿದ್ದರಂತೆ. ಗಿರಾಕಿಯ ಹೆಸರು ಮರೆತರೂ ಅಳತೆ ಮರೆಯುವವರಲ್ಲ ಅವರು. ಹುಡುಕುವ ಬಳ್ಳಿ ಕಾಲಿಗೆ ತೊಡರಿತ್ತು.

ಶುಕ್ರವಾರ ಬೆಳಿಗ್ಗೆ ಡಾಕ್ಟರ ಮನೆಯ ಗೇಟು ತಟ್ಟಿದೆವು. ನಮ್ಮ ಕಾರು ಟೈರಿನಂಗಡಿಯ ಜಾಕಿನ ಮೇಲಿತ್ತು. ಆ ಹದಿಮೂರರ ಚಕ್ರಗಳನ್ನು ಟೈರಿನವನ ಸಾಮಾನಿನ ಗಾಡಿಯಲ್ಲಿ ಹಾಕಿಕೊಂಡು, ಅವನನ್ನೂ ಕರೆದುಕೊಂಡೇ ಹೋಗಿದ್ದೆ. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಬಾಗಿಲು ತೆರೆದರು. ನಿವೃತ್ತರಾಗಿದ್ದರೂ ಎದುರು ನಿಂತವರ ಬಾಯನ್ನೇ ಮೊದಲು ನೋಡುವ ಅಭ್ಯಾಸ ಹೋಗಿರಲಿಲ್ಲ. ಅತ್ತೆ ಎಲ್ಲವನ್ನೂ ಹೇಳಿ ಅವರ ಕಾರಿನ ಚಕ್ರ ಕೇಳಿದರು, ಒಂದಿಂಚಿನ ತಪ್ಪನ್ನೂ ಮುಚ್ಚಿಡಲಿಲ್ಲ.

“ಜೀವನವಿಡೀ ಬೇರೆಯೋರದ್ದು ಕಿತ್ತೆ. ನನ್ನದನ್ನೇ ಕೀಳೋಕೆ ಬಂದೋರು ನೀವೇ ಮೊದಲು” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಅದು ನನ್ನವಳ ಕಾರು. ಇಟ್ಟಿಗೆ ಮೇಲೆ ಕುಂಟಿ ನಿಂತಿರೋದನ್ನ ನನ್ನ ಕೈಲಿ ನೋಡೋಕಾಗಲ್ಲಮ್ಮ. ಕ್ಷಮಿಸಿ” ಎಂದರು.

ನಾನು ಕಾದದ್ದೇ ಈ ಮಾತಿಗೆ. “ಕುಂಟಿ ಯಾಕೆ ನಿಲ್ಲಬೇಕು ಡಾಕ್ಟ್ರೇ? ಹೊಸ ಚಕ್ರ ಹಾಕಿಸ್ತೀನಿ. ನಮ್ಮ ಕಾರು ಓಡಬೇಕು, ತಿರುಗಬೇಕು, ಅದಕ್ಕೇ ಉಜ್ಜತ್ತೆ. ನಿಂತ ಕಾರಿಗೆ ಒಂದಿಂಚು ಜಾಸ್ತಿಯಾದ್ರೆ ಯಾರಿಗೇನು?”

ಡಾಕ್ಟರು ಗೇಟಿನಾಚೆ ಗಾಡಿಯಲ್ಲಿದ್ದ ಹೊಸ ಚಕ್ರಗಳನ್ನು ನೋಡಿದರು. ಅತ್ತೆಯನ್ನು ನೋಡಿದರು. “ಅವಳಿಗೂ ಮೊದಮೊದಲು ಎಲ್ಲರೂ ಬೇಡ ಅಂದಿದ್ರು” ಎಂದರು. ಒಳಗೆ ಹೋಗಿ ಷೆಡ್ಡಿನ ಬೀಗದ ಕೈ ತಂದರು.

ಮುಸುಕು ಸರಿಸಿದರೆ ನಮ್ಮ ಕಾರಿನ ಅಕ್ಕನೇ. ರಿಮ್ಮುಗಳು ಮಾಸಿದ ಬೆಳ್ಳಿಯ ಬಣ್ಣಕ್ಕಿದ್ದವು, ಎಲ್ಲೂ ಸೊಟ್ಟಗಿರಲಿಲ್ಲ. ಟೈರಿನವನು ನಾಲ್ಕನ್ನೂ ಬಿಚ್ಚಿ ಹದಿಮೂರನ್ನು ಕೂರಿಸಿದ. ಕಾರು ಕಾಲ್ಬೆರಳ ಮೇಲೆ ನಿಂತಂತೆ ಚೂರು ಎತ್ತರವಾಯಿತು. ಮುಸುಕು ಹೊದಿಸಲು ಹೋದರೆ ಕೆಳಗೆ ಟೈರು ಇಣುಕುತ್ತಿತ್ತು. ಡಾಕ್ಟರ ಮುಖ ಬಾಡಿತು. ಇಷ್ಟಾಗಿ ಮನಸ್ಸು ಬದಲಾಯಿಸಿದರೆ?

ಅತ್ತೆ ಕೈಚೀಲದಿಂದ ಬ್ಲೇಡು ತೆಗೆದರು. ನೆಲದಲ್ಲಿ ಕೂತು ಮುಸುಕಿನ ಅಂಚನ್ನು ಮಗುಚಿ, ಹೊಲಿಗೆಯ ಎಳೆಯನ್ನು ಟಕಟಕ ಕತ್ತರಿಸುತ್ತ ಸುತ್ತಲೂ ಸರಿದರು. ಮಡಿಕೆಯೊಳಗಿಂದ ಬಿಸಿಲೇ ಕಾಣದ ಬಟ್ಟೆ ಹೊರಗೆ ಬಿತ್ತು, ಹೊಸದರಷ್ಟೇ ಗಾಢ ನೀಲಿ. ಮುಸುಕು ನೆಲ ಮುಟ್ಟಿತು.

“ಆವತ್ತು ಒಂದಿಂಚು ಒಳಗೆ ಬಿಟ್ಟಿದ್ದೆ ಡಾಕ್ಟ್ರೇ. ಯಾವತ್ತಾದ್ರೂ ಬೇಕಾಗತ್ತೆ ಅಂತ” ಎಂದು ಅತ್ತೆ ಎದ್ದು ನಿಂತು ಮಂಡಿ ಕೊಡವಿಕೊಂಡರು. ಅವರ ದನಿ ವಾಪಸ್ ಬಂದಿತ್ತು. ದಾರಿಯುದ್ದಕ್ಕೂ ನಾನು ಗಾಡಿಯಲ್ಲಿ ಕೂತ ರೀತಿ ಸರಿಯಿಲ್ಲವೆಂದು ಬೈದರು. ಬೈಸಿಕೊಂಡು ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಸಂಜೆಯೊಳಗೆ ಆ ರಿಮ್ಮುಗಳಿಗೆ ಹನ್ನೆರಡರ ಹೊಸ ಟೈರು ಹಾಕಿ ನಮ್ಮ ಕಾರಿಗೆ ಕೂರಿಸಿದ್ದಾಯಿತು. ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಎಲ್ಲೂ ಸದ್ದಿಲ್ಲ.

ಶನಿವಾರ ಇನ್‌ಸ್ಪೆಕ್ಟರ್ ನಾಲ್ಕು ಚಕ್ರಗಳನ್ನೂ ಬಗ್ಗಿ ನೋಡಿ ಒಳಗೆ ಕೂತರು. ನಾನೂ ನಮ್ಮವರೂ ಬೇಲಿಯ ಆಚೆ. ಅತ್ತೆ ಹೊರಟರು, ನಿಂತರು, ಏರು ಹತ್ತಿದರು, ಹಿಂದಕ್ಕೆ ಬಂದರು. ಕೊನೆಯದು ಎಡಗಡೆಯ ಕಲ್ಲಿನ ಪಕ್ಕಕ್ಕೆ ತಂದು ನಿಲ್ಲಿಸುವುದು. ಕಲ್ಲಿಗೂ ಅತ್ತೆಗೂ ಇದ್ದ ಹಳೆಯ ವೈರ ನೆನೆದು ನಾನು ಕಣ್ಣು ಮುಚ್ಚಿದೆ. ಕರಕರ ಎನ್ನುವ ಸದ್ದಿಗೆ ಕಾದೆ. ಬರಲಿಲ್ಲ.

ಕಣ್ಣು ಬಿಟ್ಟಾಗ ಇನ್‌ಸ್ಪೆಕ್ಟರ್ ಕೆಳಗಿಳಿದು, ಟೈರಿಗೂ ಕಲ್ಲಿಗೂ ನಡುವೆ ಬಗ್ಗಿ ನೋಡುತ್ತಿದ್ದರು. “ಏನಮ್ಮ ಇಷ್ಟು ಹತ್ತಿರ! ಕೂದಲೆಳೆಯಲ್ಲಿ ತಪ್ಪಿತಲ್ಲ.”

“ಕೂದಲೆಳೆ ಅಲ್ಲ ಸಾರ್” ಎಂದರು ಅತ್ತೆ ಕಿಟಕಿಯಿಂದ. “ಒಂದಿಂಚು. ಬೇಕಾದ್ರೆ ನನ್ನ ಮಗನ ಕೊರಳಲ್ಲಿ ಟೇಪಿದೆ, ಅಳೆದು ನೋಡಿ.”

ಇನ್‌ಸ್ಪೆಕ್ಟರ್ ನಗುತ್ತ ಕೈ ಚಾಚಿದರು. ನಮ್ಮವರು ಬೇಲಿ ದಾಟಿ ಹೋಗಿ, ಕುಕ್ಕರುಗಾಲಲ್ಲಿ ಕೂತು, ತಾಯಿಯ ಚಕ್ರದ ಪಕ್ಕ ಟೇಪು ಹಿಡಿದರು. ಎದ್ದಾಗ ಕಣ್ಣು ಒದ್ದೆಯಾಗಿತ್ತು.

“ಒಂದಿಂಚೇ ಸಾರ್” ಎಂದರು. “ಸೇರಿಸಿ ಹೇಳ್ತಿಲ್ಲ.”

ಇನ್‌ಸ್ಪೆಕ್ಟರ್ ಪಾಸಾಯಿತೆಂದು ತಲೆಯಾಡಿಸಿದರು. ವಾಪಸ್ಸು ಹೊರಡುವಾಗ ನಾನು ಅಭ್ಯಾಸಬಲದಿಂದ ಮುಂದಿನ ಬಾಗಿಲು ತೆರೆದೆ. “ನೀನು ಹಿಂದೆ ಕೂತ್ಕೋ. ಮುಂದೆ ಕೂತ್ರೆ ಇಲ್ಲದ ಬ್ರೇಕು ತುಳೀತೀಯ” ಎಂದರು ಅತ್ತೆ. ಮಗನಿಗೆ ಪಕ್ಕದ ಸೀಟು ತೋರಿಸಿ, ಹಿಂದಿದ್ದ ಬಟ್ಟೆಯ ಗಂಟನ್ನು ಅವರ ತೊಡೆಯ ಮೇಲಿಟ್ಟರು.

“ಎಲ್ಲಿಗೆ ಹೋಗೋದಮ್ಮ?” ಎಂದರು ನಮ್ಮವರು, ಗಂಟನ್ನು ಎರಡು ಕೈಯಲ್ಲಿ ತಬ್ಬಿಕೊಂಡು.

“ಮೊದಲು ಡಾಕ್ಟರ ಮನೆಗೆ. ಆ ಚಕ್ರ ಮತ್ತೆ ಓಡ್ತಿರೋದನ್ನ ಅವರೂ ನೋಡಲಿ. ಆಮೇಲೆ ನಂಗೆಲ್ಲಿಗೆ ಬೇಕೋ ಅಲ್ಲಿಗೆ” ಎಂದು ಅತ್ತೆ ಗೇರು ಹಾಕಿದರು.